ಭ್ರೂಣಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ? ಮುಟ್ಟದೆ ಮಾಡೋ ಪರೀಕ್ಷೆಗಳ ಬಗ್ಗೆ

ಕಳೆದ ವಾರದ ವಿಡಿಯೋದಲ್ಲಿ ಹೇಳಿದ್ದನ್ನ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ. ಆಫೀಸಲ್ಲಿ ಸೌಂಡ್ ಹಾಕಿ ಕೇಳೋ ವಿಷಯ ಅಲ್ಲ ಇದು, ಓದೋಕೆ ಕೊಡಿ ಅಂತ ಕೆಲವರು ಕೇಳಿದ್ರು. ಊರಿಂದ ಫೋನ್ ಬಂದಾಗಲೆಲ್ಲ "ಏನೂ ವಿಶೇಷ ಇಲ್ವಾ?" ಅನ್ನೋ ಪ್ರಶ್ನೆ ಕೇಳಿಸಿಕೊಂಡವರಿಗೆ ಇದರ ಕಷ್ಟ ಗೊತ್ತು. ನಾನೂ ನನ್ನ ಹೆಂಡತಿಯೂ ಅದೇ ಸಾಲಿನಲ್ಲಿದ್ದೀವಿ.

ವಿಲೆ ಪಾರ್ಲೆಯ ನಮ್ಮ ಮನೆಯಿಂದ ಲೋಕಲ್ ಹತ್ತಿ ಪ್ರಭಾದೇವಿಯಲ್ಲಿ ಇಳಿದ್ರೆ ಪರೇಲಿನ ಕೆಇಎಂ ಆಸ್ಪತ್ರೆ ದೂರ ಏನಿಲ್ಲ. 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಅವರ ತಂಡದ ಐವಿಎಫ್ ಮಗು ಹುಟ್ಟಿದ್ದು ಅಲ್ಲೇ. ಆ ಕೆಲಸದಲ್ಲಿ ಜೊತೆಗಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರು. ದೇಶದ ಮೊದಲ ಐವಿಎಫ್ ಮಗುವಿನ ಕೀರ್ತಿ ನಮಗಲ್ಲ, 1978ರಲ್ಲೇ ಸಾಧಿಸಿದ್ದ ಕೋಲ್ಕತ್ತದ ಸುಭಾಷ್ ಮುಖರ್ಜಿಯವರಿಗೆ ಸಲ್ಲಬೇಕು ಅಂತ ಮುಂದೆ ಒಪ್ಪಿ ಬರೆದವರೂ ಇವರೇ. ವಿಷಯ ಬಿಟ್ಟು ಹೋದೆ, ಆದ್ರೂ ಹೇಳದೆ ಇರೋಕೆ ಆಗಲಿಲ್ಲ.

ಆ ಕಾಲದಲ್ಲಿ ಭ್ರೂಣ ಚೆನ್ನಾಗಿದೆಯೋ ಇಲ್ವೋ ಅಂತ ನೋಡೋಕೆ ಇದ್ದದ್ದು ಮೈಕ್ರೋಸ್ಕೋಪು, ಒಂದು ಜೊತೆ ಅನುಭವಿ ಕಣ್ಣು. ಇವತ್ತಿಗೂ ಬುನಾದಿ ಅದೇ. ಐದನೇ ದಿನದ ಭ್ರೂಣಕ್ಕೆ "4ಎಬಿ", "3ಬಿಬಿ" ಅಂತ ಗ್ರೇಡ್ ಕೊಡ್ತಾರೆ. ಅಂಕೆ ಅಂದ್ರೆ ಎಷ್ಟು ಉಬ್ಬಿದೆ ಅಂತ. ಮೊದಲ ಅಕ್ಷರ ಮುಂದೆ ಮಗುವಾಗೋ ಒಳಗಿನ ಜೀವಕೋಶಗಳಿಗೆ, ಎರಡನೆಯದು ಮಾಸು ಆಗೋ ಹೊರಪದರಕ್ಕೆ. ಕ್ರೋಮೋಸೋಮು ಸರಿ ಇದೆಯಾ ಅನ್ನೋದು ಇದರಲ್ಲಿ ಕಾಣಲ್ಲ. ಅದಕ್ಕೆ ಹೊರಪದರದಿಂದ ಕೆಲವು ಕೋಶ ಕಿತ್ತು ಬಯಾಪ್ಸಿ ಮಾಡಬೇಕು. ಭ್ರೂಣವನ್ನ ಹಾಗೆ ಮುಟ್ಟದೇನೇ ತಿಳ್ಕೊಳ್ಳೋಕೆ ಆಗುತ್ತಾ ಅನ್ನೋದೇ ಇವತ್ತಿನ ವಿಷಯ.

ಒಂದು ದಾರಿ ಟೈಮ್‌ಲ್ಯಾಪ್ಸ್. ಇನ್‌ಕ್ಯುಬೇಟರ್ ಒಳಗೇ ಕ್ಯಾಮೆರಾ ಇಟ್ಟು ಕೆಲವು ನಿಮಿಷಕ್ಕೊಂದು ಫೋಟೋ ತೆಗೀತಾರೆ. ಭ್ರೂಣ ಹೊರಗೆ ಬರೋ ಹಾಗಿಲ್ಲ, ಯಾವಾಗ ಎರಡಾಯ್ತು, ಯಾವಾಗ ನಾಲ್ಕಾಯ್ತು ಅನ್ನೋ ಪೂರ್ತಿ ಲಾಗ್ ಸಿಗುತ್ತೆ. ನಮ್ಮಂಥವರಿಗೆ ಲಾಗ್ ಅಂದ್ರೆ ಪ್ರಾಣ. ಆದ್ರೆ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, ಬ್ರಿಟನ್ ಮತ್ತು ಹಾಂಗ್‌ಕಾಂಗ್‌ನ 1575 ಮಹಿಳೆಯರ ಟ್ರಯಲ್ ನೋಡಿ: ಟೈಮ್‌ಲ್ಯಾಪ್ಸ್ ಚಿತ್ರ ನೋಡಿ ಆರಿಸಿದವರಲ್ಲಿ ಮಗು ಹುಟ್ಟಿದ್ದು ಶೇ. 33.7, ಮಾಮೂಲಿ ವಿಧಾನದಲ್ಲಿ ಶೇ. 33. ಹೆಚ್ಚುಕಮ್ಮಿ ಒಂದೇ.

ಅದೇ ವರ್ಷ ನೇಚರ್ ಮೆಡಿಸಿನ್‌ನಲ್ಲಿ ಎಐ ಸರದಿ. 14 ಕ್ಲಿನಿಕ್, 1066 ಜನ. ಎಐ ಆರಿಸಿದ ಭ್ರೂಣದಿಂದ ಗರ್ಭ ನಿಂತದ್ದು ಶೇ. 46.5, ಎಂಬ್ರಿಯಾಲಜಿಸ್ಟ್ ಆರಿಸಿದ್ದರಲ್ಲಿ ಶೇ. 48.2. ಎಐ ಗೆದ್ದಿದ್ದು ಸಮಯದಲ್ಲಿ: ಮನುಷ್ಯರಿಗೆ ಮೂರೂವರೆ ನಿಮಿಷ ಹಿಡಿಯೋ ಕೆಲಸಕ್ಕೆ ಅದಕ್ಕೆ ಸುಮಾರು 21 ಸೆಕೆಂಡ್ ಸಾಕು. ಲ್ಯಾಬಿಗೆ ಲಾಭ, ಒಪ್ಪೋಣ. ಅದಕ್ಕೆ ನಾನ್ಯಾಕೆ ಎಕ್ಸ್‌ಟ್ರಾ ದುಡ್ಡು ಕೊಡ್ಲಿ?

ಇನ್ನೊಂದು ದಾರಿ, ಭ್ರೂಣ ಮಲಗಿದ್ದ ಹನಿ ದ್ರವವನ್ನ ಪರೀಕ್ಷಿಸೋದು. ಅದು ಏನು ತಿಂತು, ಏನು ಬಿಡ್ತು ಅಂತ ನೋಡೋದು. ಇದರಲ್ಲಿ ನಮ್ಮ ಊರಿನ ಕೆಲಸವೇ ಇದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸತೀಶ್ ಅಡಿಗ ಅವರ ತಂಡ, ಬೆಂಗಳೂರು ಐಐಎಸ್ಸಿಯ ಎನ್‌ಎಮ್‌ಆರ್ ಕೇಂದ್ರದ ಹನುದತ್ತ ಆತ್ರೇಯ ಅವರ ಜೊತೆ ಸೇರಿ, 2013ರಲ್ಲೇ ಆ ದ್ರವದಲ್ಲಿನ ಪೈರುವೇಟ್ ಮತ್ತು ಅಲನಿನ್ ಪ್ರಮಾಣದಿಂದ ಭ್ರೂಣದ ಶಕ್ತಿ ಅಳೆಯಬಹುದಾ ಅಂತ ನೋಡಿ ಪ್ರಕಟಿಸಿತು. ನಾನು ಸುರತ್ಕಲ್‌ನಲ್ಲಿ ಎಂಟೆಕ್ ಓದ್ತಿದ್ದಾಗ ಮಣಿಪಾಲಕ್ಕೆ ಸಿನಿಮಾ ನೋಡೋಕೆ ಹೋಗ್ತಿದ್ವಿ, ಪಕ್ಕದಲ್ಲೇ ಇಂಥ ಕೆಲಸ ನಡೀತಿದೆ ಅಂತ ಗೊತ್ತಿರಲಿಲ್ಲ. ಆದ್ರೆ ಎನ್‌ಎಮ್‌ಆರ್ ಯಂತ್ರಕ್ಕೆ ಕೋಟಿಗಟ್ಟಲೆ ಬೇಕು, ಒಂದೊಂದು ಲ್ಯಾಬಿನ ದ್ರವವೂ ಬೇರೆ ಬೇರೆ. ರಿಸರ್ಚ್ ಪೇಪರ್ ದಿನನಿತ್ಯದ ಟೆಸ್ಟ್ ಆಗೋದು ಸುಲಭ ಅಲ್ಲ.

ಅದೇ ದ್ರವದಲ್ಲಿ ಭ್ರೂಣದ ಡಿಎನ್‌ಎ ಚೂರುಗಳೂ ತೇಲ್ತಿರುತ್ತವೆ. ಅದನ್ನ ಓದೋ ಟೆಸ್ಟ್ ಈಗ ಕೆಲವು ಕ್ಲಿನಿಕ್‌ಗಳ ಎಸ್ಟಿಮೇಟಲ್ಲಿ ಬರ್ತಿದೆ, ನಮ್ಮದರಲ್ಲೂ ಬಂತು. 2020ರಲ್ಲಿ 1301 ಭ್ರೂಣಗಳ ಮೇಲೆ ನಡೆದ ಅಧ್ಯಯನದಲ್ಲಿ ಇದರ ಉತ್ತರ ಬಯಾಪ್ಸಿಯ ಉತ್ತರಕ್ಕೆ ಹೊಂದಿದ್ದು ಶೇ. 78.2. ಅಂದ್ರೆ ಐದರಲ್ಲಿ ಒಂದು ಹೊಂದಲಿಲ್ಲ. ತಾಯಿಯ ಕೋಶದ ಡಿಎನ್‌ಎ ಬೆರೆತರೆ ಕೆಟ್ಟದ್ದೂ ಚೆನ್ನಾಗಿ ಕಾಣಬಹುದು. ಭ್ರೂಣ ತಾನೇ ಹೊರಹಾಕಿದ ಕೆಟ್ಟ ಕೋಶದ ಡಿಎನ್‌ಎ ಸಿಕ್ಕರೆ ಚೆನ್ನಾಗಿರೋದೂ ಕೆಟ್ಟದ್ದಾಗಿ ಕಾಣಬಹುದು. (ಗಂಡೋ ಹೆಣ್ಣೋ ಅಂತಾನೂ ಇದರಲ್ಲಿ ಗೊತ್ತಾಗುತ್ತೆ, ಆದ್ರೆ ಇಲ್ಲಿ ಹೇಳೋದು ಅಪರಾಧ. ಡಲ್ಲಾಸ್‌ನ ಗೆಳೆಯನಿಗೆ ಹೇಳಿದ್ರಂತೆ ಅಂತ ಇಲ್ಲಿ ಕೇಳೋಕೆ ಹೋಗ್ಬೇಡಿ.)

ನಮಗಿದ್ದದ್ದು ಎರಡೇ ಭ್ರೂಣ. ಕ್ಯಾಮೆರಾ, ಎಐ, ಡಿಎನ್‌ಎ ಎಲ್ಲಾ ಸೇರಿದ ಪ್ಯಾಕೇಜ್ ನೋಡಿ ನಾನು ಹೂಂ ಅನ್ನೋಕೆ ತಯಾರಾಗಿದ್ದೆ, ಡೇಟಾ ಜಾಸ್ತಿ ಇದ್ರೆ ಒಳ್ಳೇದಲ್ವಾ ಅಂತ. ಹೆಂಡತಿ ಕೇಳಿದ್ಲು: "ಅಲ್ಲ ರೀ, ಹೇಗಿದ್ರೂ ಎರಡನ್ನೂ ಒಂದಾದ್ಮೇಲೆ ಒಂದು ಹಾಕಿಸ್ಕೊಳ್ತೀವಿ. ಇದೆಲ್ಲ ಮಾಡಿ ಬದಲಾಗೋದು ಯಾವುದು ಮೊದಲು ಅನ್ನೋದಷ್ಟೇ ತಾನೇ?"

ಹದಿನೈದು ವರ್ಷದ ಕೋಡಿಂಗ್‌ನಲ್ಲಿ ನನಗೆ ಹೊಳೆಯದೆ ಹೋದದ್ದು ಅದು. ಸಾರ್ಟ್ ಮಾಡಿದ್ರೆ ಲಿಸ್ಟ್ ಉದ್ದ ಆಗಲ್ಲ. ಹತ್ತು ಭ್ರೂಣ ಇರೋರಿಗೆ ಒಳ್ಳೆ ಸಾರ್ಟಿಂಗ್ ತಿಂಗಳುಗಟ್ಟಲೆ ಸಮಯ ಉಳಿಸಬಹುದು, ಗರ್ಭಪಾತದ ನೋವೂ ತಪ್ಪಬಹುದು. ಎರಡೇ ಇದ್ದವರಿಗೆ ಉಳಿಯೋದು ಹೆಚ್ಚೆಂದ್ರೆ ಒಂದು ಸರದಿ. ಅಪಾಯ ಇರೋದು ಡಿಲೀಟ್‌ನಲ್ಲಿ. ಹಾಗಾಗಿ ನಾವು ಕೇಳಿದ್ದು ಒಂದೇ ಪ್ರಶ್ನೆ: ದ್ರವದ ಟೆಸ್ಟಲ್ಲಿ ಅಬ್‌ನಾರ್ಮಲ್ ಅಂತ ಬಂದ್ರೆ ಆ ಭ್ರೂಣವನ್ನ ಏನು ಮಾಡ್ತೀರಿ? "ಅದನ್ನ ನಾವು ಹಾಕಲ್ಲ" ಅಂದ್ರು. ಬಯಾಪ್ಸಿ ಮಾಡಿ ಖಚಿತ ಮಾಡ್ಕೊಳ್ತೀರಾ ಅಂದ್ರೆ ಸರಿಯಾದ ಉತ್ತರ ಬರಲಿಲ್ಲ. ಎಸ್ಟಿಮೇಟಿನ ಆ ಸಾಲನ್ನ ಹೊಡೆದು ಹಾಕಿಸಿದ್ವಿ.

4ಎಬಿ ನಿಲ್ಲಲಿಲ್ಲ. 3ಬಿಬಿ ಮೈನಸ್ 196 ಡಿಗ್ರಿ ನೈಟ್ರೋಜನ್ ಟ್ಯಾಂಕಿನಲ್ಲಿದೆ. ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ.