ಹುಲ್ಲಿನ ಬೆಟ್ಟ, ನೀರಿನ ಮನೆ

ಕುದುರೆಮುಖ ಎಂಬ ಹೆಸರು ಕೇಳಿದ್ದೀರಾ? ಇದು ಚಿಕ್ಕಮಗಳೂರು ಜಿಲ್ಲೆಯ ಬೆಟ್ಟ. ಕಳಸದ ಹತ್ತಿರ ಇದೆ. ದೂರದಿಂದ ನೋಡಿದರೆ ಕುದುರೆಯ ಮುಖದ ಹಾಗೆ ಕಾಣುತ್ತದೆ. ಅದಕ್ಕೇ ಈ ಹೆಸರು. ಎತ್ತರ ಸುಮಾರು 1,890 ಮೀಟರ್.

ಬೆಟ್ಟದ ಮೈತುಂಬ ಹುಲ್ಲು. ಗಾಳಿ ಬೀಸಿದರೆ ಅಲೆ ಅಲೆಯಾಗಿ ಬಾಗುತ್ತದೆ. ಗುಡ್ಡಗಳ ನಡುವಿನ ತಗ್ಗಿನಲ್ಲಿ ಮಾತ್ರ ದಟ್ಟ ಮರಗಳು. ಇದಕ್ಕೆ ಶೋಲಾ ಕಾಡು ಅಂತಾರೆ. ಪಡುವಣ ಅಂಚಿನಲ್ಲಿ ನಿಂತರೆ ಎದೆ ಝಲ್ ಅನ್ನುತ್ತೆ. ನೆಲ ಕಡಿದ ಹಾಗೆ ಕೆಳಗಿಳಿಯುತ್ತದೆ. ಮೋಡ ಇಲ್ಲದ ದಿನ ದೂರದಲ್ಲಿ ಕಡಲೂ ಕಾಣುತ್ತದೆ.

ಇಲ್ಲಿ ಕಡವೆ, ಕಾಟಿ, ಹುಲಿ ಇವೆ. ಕಣಿವೆಯ ಮಳೆಕಾಡಿನಲ್ಲಿ ಸಿಂಗಳೀಕ ಇದೆ. ಇದೊಂದು ಜಾತಿಯ ಕೋತಿ. ಮೈ ಕಪ್ಪು. ಮುಖದ ಸುತ್ತ ಬೂದು ಕೂದಲು. ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದ ಬೇರೆ ಯಾವ ಕಾಡಿನಲ್ಲೂ ಇದು ಇಲ್ಲ. ಮರದಿಂದ ಮರಕ್ಕೆ ಹೋಗಿಯೇ ಬದುಕುತ್ತೆ. ಮರ ಕಡಿದರೆ ಅದರ ದಾರಿಯೇ ಕಡಿದ ಹಾಗೆ.

"ಬರೀ ಹುಲ್ಲು ತಾನೇ? ಏನು ಲಾಭ?" ಅಂತ ಕೆಲವರು ಕೇಳುತ್ತಾರೆ. ಬೋಳು ನೆಲಕ್ಕೆ ಜೋರು ಮಳೆ ಬಿದ್ದರೆ ಏನಾಗುತ್ತೆ? ಮಣ್ಣು ಕೊಚ್ಚಿ ಹೋಗುತ್ತೆ. ಇದು ನಿಮಗೇ ಗೊತ್ತು. ಹುಲ್ಲಿದ್ದರೆ ಅದರ ಬೇರು ಮಣ್ಣನ್ನು ಹಿಡಿದಿಡುತ್ತದೆ. ನೀರು ನಿಧಾನವಾಗಿ ಇಂಗುತ್ತದೆ. ತಗ್ಗಿನ ಕಾಡಿನಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಮಳೆ ನಿಂತ ಮೇಲೂ ಹಳ್ಳ ಹರಿಯುತ್ತದೆ.

ಇಲ್ಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ನೇತ್ರಾವತಿ ಮಂಗಳೂರಿನಲ್ಲಿ ಕಡಲು ಸೇರುತ್ತೆ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗುತ್ತವೆ. ಮುಂದೆ ಬಳ್ಳಾರಿ, ರಾಯಚೂರಿನ ಹೊಲಗಳಿಗೂ ನೀರು ಕೊಡುತ್ತವೆ. ಅಲ್ಲಿ ಕೊಡ ತುಂಬಿಸುವ ಅಕ್ಕನಿಗೂ ಇಲ್ಲಿನ ಹುಲ್ಲಿಗೂ ನಂಟಿದೆ.

ಈ ಬೆಟ್ಟದೊಳಗೆ ಕಬ್ಬಿಣದ ಅದಿರಿದೆ. ಹಲವು ವರ್ಷ ಗಣಿ ನಡೆಯಿತು. ಅಗೆದ ಮಣ್ಣು ಮಳೆಯಲ್ಲಿ ಭದ್ರಾ ನದಿಗೆ ಸೇರುತ್ತಿತ್ತು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಗಣಿ ನಿಲ್ಲಲಿಲ್ಲ. ಜನ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು. ಗಣಿ ನಂಬಿದ್ದ ಹಲವು ಕುಟುಂಬಗಳು ಊರು ಬಿಡಬೇಕಾಯಿತು. ಅದೂ ಸುಲಭದ ಮಾತಲ್ಲ.

ಸಂಘದ ಅಕ್ಕತಂಗಿಯರು ಸೇರಿ ಒಮ್ಮೆ ಹೋಗಿ ಬನ್ನಿ. ಮಳೆಗಾಲ ಮುಗಿದ ಮೇಲೆ ಹೋದರೆ ಚೆನ್ನ. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಂಡೆಯ ಅಂಚಿಗೆ ಹೋಗಬೇಡಿ. ಬೆಂಕಿ ಹಚ್ಚಬೇಡಿ. ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಪ್ಲಾಸ್ಟಿಕ್ ಬಿಸಾಡಬೇಡಿ. ದಾರಿಯಲ್ಲಿ ಇಲಾಖೆಯ ಬೋರ್ಡುಗಳಿವೆ. ಅವನ್ನು ಈಗ ನೀವೇ ಓದಬಲ್ಲಿರಿ. ಓದಿ, ಜೊತೆಯವರಿಗೂ ಹೇಳಿ.

ನಿಮ್ಮೂರಿನ ನೀರು ಎಲ್ಲಿಂದ ಬರುತ್ತದೆ? ಅಲ್ಲಿನ ಗುಡ್ಡ ಹೇಗಿದೆ? ಕೂತು ಮಾತಾಡಿ.