ಹಾವಿನ ಮನೆಗೆ ಕಾವು

ಮಾಗಿಯ ದಿನಗಳಲ್ಲಿ ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಸುತ್ತಿನ ಹೊಲಗಳಲ್ಲಿ ನಡೆದಾಡುವವರು, ಬಿಸಿಲು ಏರಿದ ಮೇಲೆ ಬದುವಿನ ಮೇಲೋ ಬಂಡೆಯ ಮಗ್ಗುಲಲ್ಲೋ ಮೈಚಾಚಿ ಮಲಗಿದ ಕೇರೆಹಾವನ್ನು ಕಾಣುವುದುಂಟು. ಇದು ಸೋಮಾರಿತನವಲ್ಲ, ಆ ಪ್ರಾಣಿಯ ದಿನದ ಮೊದಲ ಕೆಲಸವೇ ಅದು. ಸುಮ್ಮನೆ ಕುಳಿತಿರುವ ಮನುಷ್ಯನ ದೇಹವು ತಾನು ಉಂಡ ಅನ್ನದಿಂದ ಸುಮಾರು 100 ವಾಟ್‌ಗಳಷ್ಟು ಶಾಖವನ್ನು ಸದಾ ಉತ್ಪಾದಿಸುತ್ತಿರುತ್ತದೆ. ಹಾವಿನ ದೇಹದಲ್ಲಿ ಹುಟ್ಟುವ ಶಾಖವಾದರೋ ಅತ್ಯಲ್ಪ. ಮೈ ಬೆಚ್ಚಗಾಗಬೇಕಾದರೆ ಅದು ಹೊರಗಿನಿಂದ ಶಾಖವನ್ನು ಪಡೆಯಲೇಬೇಕು. ಮೈ ತಣ್ಣಗಿದ್ದರೆ ಓಟ ನಿಧಾನವಾಗುತ್ತದೆ. ನುಂಗಿದ ಇಲಿಯೂ ಜೀರ್ಣವಾಗದೆ ಹೊಟ್ಟೆಯಲ್ಲಿ ಕೊಳೆಯಬಹುದು.

ಈ ನಿಯಮಕ್ಕೆ ಒಂದು ಸೊಗಸಾದ ಅಪವಾದವೂ ಉಂಟು. ಹೆಬ್ಬಾವಿನ ತಾಯಿಯು ಮೊಟ್ಟೆಗಳನ್ನು ಸುತ್ತಿಕೊಂಡು, ಸ್ನಾಯುಗಳನ್ನು ಅದುರಿಸಿ, ತನ್ನ ಮೈಯನ್ನು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಬೆಚ್ಚಗಿಟ್ಟುಕೊಳ್ಳಬಲ್ಲದೆಂಬುದನ್ನು 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಅಳತೆ ಮಾಡಿ ತೋರಿಸಿದರು. ಉಳಿದಂತೆ ಹಾವುಗಳ ಉಪಾಯ ಒಂದೇ: ಬೇಕಾದಾಗ ಬಿಸಿಲಿಗೆ ಬರುವುದು, ಸಾಕಾದಾಗ ನೆರಳಿಗೆ ಸರಿಯುವುದು. ಹುತ್ತವಾಗಲಿ, ಇಲಿಯ ಬಿಲವಾಗಲಿ ಇದಕ್ಕೆ ತಕ್ಕ ಸ್ಥಳ. ಹಗಲಿನ ಬಿಸಿ ಮತ್ತು ಇರುಳಿನ ತಂಪು ಒಣ ಮಣ್ಣಿನಲ್ಲಿ ಅರ್ಧ ಮೀಟರಿನಷ್ಟು ಇಳಿಯುವುದರೊಳಗೆ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಆದ್ದರಿಂದ ಹೊಲದ ಹಾವಿಗೆ ಕಾವನ್ನು ಒದಗಿಸುವ ಚಿಂತೆ ಯಾರಿಗೂ ಇಲ್ಲ. ಚಿಂತೆ ಹುಟ್ಟುವುದು ಅದು ಪೆಟ್ಟಿಗೆಯೊಳಗೆ ಸೇರಿದಾಗ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವಕಾಶ ಕೊಡುವುದಿಲ್ಲ. ಈಗ ನಗರಗಳಲ್ಲಿ ಕೆಲವರು ಸಾಕುವುದು ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿನಂಥ ಪರದೇಶದ ಹಾವುಗಳನ್ನು. ಇಂಥ ಪ್ರಾಣಿಗಳನ್ನೂ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಕಾನೂನಿನಂತೆ ಮನೆಗೆ ಬಂದ ಅಂಥ ಹಾವಿಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 32 ಡಿಗ್ರಿ ಸೆಂಟಿಗ್ರೇಡ್, ಇನ್ನೊಂದು ತುದಿಯಲ್ಲಿ ಸುಮಾರು 26 ಡಿಗ್ರಿ ಉಷ್ಣತೆ ಬೇಕು. ಇದನ್ನು ಸಾಧಿಸುವುದು ಹೇಗೆ?

‘ಒಂದು ಹೀಟರನ್ನು ಇಟ್ಟರಾಯಿತು’ ಎಂಬುದು ಮೊದಲು ಹೊಳೆಯುವ ಉತ್ತರ. ಆದರೆ ಹೀಟರು ಉಷ್ಣತೆಯನ್ನು ಕೊಡುವುದಿಲ್ಲ. ಉಷ್ಣತೆಯ ವ್ಯತ್ಯಾಸವನ್ನು ಕೊಡುತ್ತದೆ. ಇಡೀ ವಿಷಯದ ತಿರುಳು ಇಷ್ಟೇ. ಲೆಕ್ಕವನ್ನು ನೋಡೋಣ. 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರದ ಪ್ಲೈವುಡ್ ಪೆಟ್ಟಿಗೆಯ ಆರು ಮುಖಗಳ ಒಟ್ಟು ವಿಸ್ತೀರ್ಣ 3.6 ಚದರ ಮೀಟರು. ಹಲಗೆಯ ದಪ್ಪ 12 ಮಿಲಿಮೀಟರ್ ಇದ್ದರೆ, ಒಳಗಿಗೂ ಹೊರಗಿಗೂ 1 ಡಿಗ್ರಿ ವ್ಯತ್ಯಾಸವಿರುವಾಗ ಒಂದು ಚದರ ಮೀಟರಿನ ಮೂಲಕ ಸುಮಾರು 3.5 ವಾಟ್ ಶಾಖ ಸೋರಿಹೋಗುತ್ತದೆ. ಇಡೀ ಪೆಟ್ಟಿಗೆಯಿಂದ ಸುಮಾರು 12.5 ವಾಟ್. ಒಳಗೆ 150 ವಾಟ್ ಹೀಟರು ಉರಿಯುತ್ತಿದ್ದರೆ, ಸೋರುವ ಶಾಖವೂ ಹುಟ್ಟುವ ಶಾಖವೂ ಸಮನಾಗುವವರೆಗೆ ಉಷ್ಣತೆ ಏರುತ್ತಲೇ ಹೋಗಿ, ಹೊರಗಿಗಿಂತ 12 ಡಿಗ್ರಿ ಹೆಚ್ಚಾದಾಗ ನಿಲ್ಲುತ್ತದೆ. ಗಾಳಿಯಾಡುವ ತೂತುಗಳಿದ್ದರೆ ಈ ಅಂಕಿ ಸ್ವಲ್ಪ ಇಳಿಯುತ್ತದೆ. ಗಾಜಿನ ಪೆಟ್ಟಿಗೆಯಾದರೆ ಸೋರಿಕೆ ಸುಮಾರು ಒಂದೂವರೆಪಟ್ಟು.

ಡಿಸೆಂಬರಿನ ನಸುಕಿನಲ್ಲಿ ಕೋಣೆಯ ಗಾಳಿ 16 ಡಿಗ್ರಿ ಇದ್ದರೆ ಪೆಟ್ಟಿಗೆಯ ಒಳಗೆ 28 ಡಿಗ್ರಿ, ಹಾವಿಗೆ ಹಿತ. ಅದೇ ಹೀಟರನ್ನು ಮರೆತುಬಿಟ್ಟರೆ, ಏಪ್ರಿಲ್ ಮಧ್ಯಾಹ್ನ ಕೋಣೆ 35 ಡಿಗ್ರಿ ಮುಟ್ಟಿದಾಗ ಪೆಟ್ಟಿಗೆಯೊಳಗೆ 47 ಡಿಗ್ರಿ; ಹಾವಿಗೆ ಮರಣ. ಹೀಟರು ಬದಲಾಗಲಿಲ್ಲ, ಬದಲಾದದ್ದು ಋತು. ಕಾಡಿನಲ್ಲಾದರೆ ಹಾವು ಬಿಲಕ್ಕೆ ಇಳಿಯುತ್ತಿತ್ತು. ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಎಡೆಯಿಲ್ಲ. ಚಳಿಗಿಂತ ಅತಿಯಾದ ಕಾವೇ ಇಲ್ಲಿ ಹೆಚ್ಚು ಭಯಂಕರವೆಂಬುದನ್ನು ಮರೆಯಬಾರದು. ತಂಪು ಹಾವನ್ನು ದಿನಗಟ್ಟಲೆ ಕುಗ್ಗಿಸುತ್ತದೆ. ಬಿಸಿಯಾದರೋ ಸ್ವಲ್ಪ ಹೊತ್ತಿನಲ್ಲೇ ಕೊಲ್ಲುತ್ತದೆ.

ಆದುದರಿಂದ ಹೀಟರಿನೊಡನೆ ಅದನ್ನು ಆಳುವ ಥರ್ಮೋಸ್ಟಾಟ್ ಇರಲೇಬೇಕು. ಇಸ್ತ್ರಿಪೆಟ್ಟಿಗೆಯಲ್ಲಿ ಇದರ ಸರಳ ರೂಪ ಎಲ್ಲರಿಗೂ ಪರಿಚಿತ: ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಕಾದಾಗ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ, ಆರಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಹಾವಿನ ಪೆಟ್ಟಿಗೆಗೆ ಉಷ್ಣತೆಯನ್ನು ಗ್ರಹಿಸುವ ಗುಂಡಿಯನ್ನು ತಂತಿಯ ತುದಿಯಲ್ಲಿ ಇಟ್ಟ ವಿದ್ಯುನ್ಮಾನ ಉಪಕರಣ ಉತ್ತಮ. ಕೋಲಾರ ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಈ ವಿಚಾರ ಹೊಸದಲ್ಲ. ಚಾಕಿಯ ಹುಳುಗಳಿಗೆ ಸುಮಾರು 27–28 ಡಿಗ್ರಿ ಕಾವನ್ನು ಹದ ತಪ್ಪದಂತೆ ಕಾಯ್ದುಕೊಳ್ಳುವ ಕಷ್ಟವನ್ನು ಅವರು ಬಲ್ಲರು. ಆದರೆ ಒಂದು ಭೇದವಿದೆ. ರೇಷ್ಮೆಹುಳುವಿಗೆ ಮನೆಯೆಲ್ಲ ಒಂದೇ ಸಮನಾದ ಕಾವು ಬೇಕು. ಹಾವಿಗೆ ಬೇಕಾದದ್ದು ಆಯ್ಕೆ. ಶಾಖದ ಮೂಲವನ್ನು ಒಂದು ತುದಿಯಲ್ಲೇ ಇಟ್ಟು, ಎರಡು ತುದಿಗಳಲ್ಲೂ ಅಡಗಲು ಮರೆ ಒದಗಿಸಿದರೆ, ತನಗೆ ಬೇಕಾದ ಕಾವನ್ನು ಹಾವು ತಾನೇ ಆರಿಸಿಕೊಳ್ಳುತ್ತದೆ.

ಶಾಖವು ಹಾವಿನ ಮೈಗೆ ಯಾವ ಮಾರ್ಗದಿಂದ ಬರುತ್ತದೆ ಎಂಬುದೂ ಮುಖ್ಯ. ಮೇಲಿನ ದೀಪದಿಂದ ಬರುವುದು ವಿಕಿರಣ. ಬಿಸಿಯಾದ ನೆಲದಿಂದ ಬರುವುದು ವಹನ. ವಿದ್ಯುತ್ತಿನಿಂದ ಕಾಯುವ ಕಲ್ಲಿನ ಮೇಲೆ ಹಾವು ಸುರುಳಿ ಸುತ್ತಿದರೆ, ಗಾಳಿಗೆ ಹೋಗಬೇಕಾದ ಶಾಖಕ್ಕೆ ಅದರ ಮೈಯೇ ಅಡ್ಡವಾಗಿ, ಕಲ್ಲು ಮೊದಲಿಗಿಂತಲೂ ಹೆಚ್ಚು ಕಾಯುತ್ತದೆ. ಸುತ್ತಲಿನ ಗಾಳಿ ತಣ್ಣಗಿದ್ದರೆ ಹಾವು ಅಲ್ಲಿಂದ ಕದಲುವುದೂ ಇಲ್ಲ. ಹೊಟ್ಟೆಯ ಚರ್ಮ ಸುಡುತ್ತದೆ. ಬರಿಯ ಬಲ್ಬಿಗೆ ಸುತ್ತಿಕೊಂಡ ಹಾವುಗಳಿಗೂ ಇದೇ ಗತಿ. ಆದುದರಿಂದ ದೀಪವಿರಲಿ, ಪಿಂಗಾಣಿಯ ಹೀಟರಿರಲಿ, ಹಾವು ಮುಟ್ಟಲಾಗದಂತೆ ತಂತಿಬಲೆಯ ಪಂಜರದೊಳಗೆ ಇರಬೇಕು. ಅಡಿಯಲ್ಲಿಡುವ ಕಾವುಹಾಸು ಪೆಟ್ಟಿಗೆಯ ಹೊರಗಿದ್ದು, ಅದಕ್ಕೂ ಥರ್ಮೋಸ್ಟಾಟ್ ಜೋಡಿಸಿರಬೇಕು.

ಥರ್ಮೋಸ್ಟಾಟ್ ಕೂಡ ಯಂತ್ರವೇ, ಅದೂ ಕೆಡಬಹುದು. ಗ್ರಾಹಕ ಗುಂಡಿ ಕಳಚಿ ಪೆಟ್ಟಿಗೆಯ ಹೊರಗೆ ಬಿದ್ದರೆ, ಅದು ಕೋಣೆಯ ತಂಪನ್ನೇ ಅಳೆಯುತ್ತ ಹೀಟರನ್ನು ಉರಿಸುತ್ತಲೇ ಇರುತ್ತದೆ. ಗುಂಡಿಯನ್ನು ಬೆಚ್ಚಗಿನ ತುದಿಯಲ್ಲಿ ಭದ್ರವಾಗಿ ಬಿಗಿಯಬೇಕು. ಹೀಟರಿನ ಶಕ್ತಿಯೂ ಬೇಕಾದುದಕ್ಕಿಂತ ತೀರ ಹೆಚ್ಚಿರಬಾರದು. ಬೇಸಿಗೆ ಬಂದೊಡನೆ ಹೀಟರನ್ನು ತೆಗೆದು, ಕಡಿಮೆ ವಾಟಿನದನ್ನು ಹಾಕುವುದು ಜಾಣತನ. ನೀರಿನ ಬಟ್ಟಲಿರುವ ಪೆಟ್ಟಿಗೆಯಾದ್ದರಿಂದ ಭೂಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗು ಅಗತ್ಯ. ವಿದ್ಯುತ್ತು ಹೋದ ಚಳಿಯಿರುಳಿನಲ್ಲಿ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಸೀಸೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರೆ ಕೆಲವು ಗಂಟೆಗಳು ಸುಧಾರಿಸಬಹುದು. ಗಾಳಿಕಂಡಿಗಳನ್ನು ಮಾತ್ರ ಮುಚ್ಚಕೂಡದು.

ಕೊನೆಯದಾಗಿ, ಹಾವು ಬರುವುದಕ್ಕೆ ಮುಂಚೆಯೇ ಬರಿಯ ಪೆಟ್ಟಿಗೆಯನ್ನು ಒಂದು ವಾರ ನಡೆಸಿ ನೋಡಬೇಕು. ಎರಡು ತುದಿಗಳಲ್ಲಿ ಎರಡು ಉಷ್ಣಮಾಪಕಗಳನ್ನಿಟ್ಟು, ನಸುಕಿನಲ್ಲೂ ಮಧ್ಯಾಹ್ನ ಮೂರು ಗಂಟೆಗೂ ಅಂಕಿಗಳನ್ನು ಬರೆದಿಡಬೇಕು. ಅಂಕಿಗಳು ಹದವಾಗಿಲ್ಲದಿದ್ದರೆ ತಿದ್ದಬೇಕಾದದ್ದು ಪೆಟ್ಟಿಗೆಯನ್ನು. ಅಲ್ಲಿಯವರೆಗೆ ಹಾವನ್ನು ತರಬಾರದು. ಮೂಕಪ್ರಾಣಿಯು ತನಗೆ ಸೆಖೆಯಾಯಿತೆಂದು ಹೇಳಲಾರದು. ಅದರ ಪರವಾಗಿ ಉಷ್ಣಮಾಪಕವೇ ಹೇಳಬೇಕು.