ಪುಸ್ತಕದ ಕಪಾಟಿಗೆ ಯಾವ ಬಣ್ಣ?

ಈ ರಜೆಯಲ್ಲಿ ಸಂಘದ ಕೊಠಡಿಯ ಎರಡು ಕಪಾಟುಗಳಿಗೆ ಬಣ್ಣ ಹೊಡೆಯೋಣ ಅಂತ ತೀರ್ಮಾನವಾಗಿದೆ. ಒಂದು ಹಳೇ ತೇಗದ್ದು, ಮೇಲೆ ಹಸಿರು ಬಣ್ಣ ಪದರ ಪದರವಾಗಿ ಏಳುತ್ತಿದೆ. ಇನ್ನೊಂದು ಹೊಸದು, ಪ್ಲೈವುಡ್‌ದು. ಅಂಗಡಿಗೆ ಹೋಗಿ "ಮರಕ್ಕೆ ಪೇಂಟ್ ಕೊಡಿ" ಅಂದರೆ ಸಾಮಾನ್ಯವಾಗಿ ಒಂದು ಆಯಿಲ್ ಪೇಂಟ್ ಡಬ್ಬಿ ಕೈಗೆ ಬರುತ್ತದೆ. ಅದೇನೂ ಕೆಟ್ಟ ಉತ್ತರವಲ್ಲ. ಆದರೆ ಪುಸ್ತಕ ಇಡೋ ಕಪಾಟು, ಅದೂ ನಾವು ದಿನಾ ಕೂತು ಉಸಿರಾಡೋ ಕೋಣೆಯಲ್ಲಿ. ಹಾಗಾಗಿ ಸ್ವಲ್ಪ ಯೋಚಿಸಿಯೇ ತರಬೇಕು.

ಮೊದಲು ಮರದ ಸ್ವಭಾವ ನೋಡೋಣ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಜಾಸ್ತಿ. ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಆಗುವ ಹಿಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳೋದು ಇದರಿಂದಲೇ. ಅಂದಮೇಲೆ ಬಣ್ಣದ ಪದರ ಮರದ ಜೊತೆ ಸ್ವಲ್ಪ ಎಳೆದಾಡಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಹಲಗೆಯ ಒಂದು ಮುಖಕ್ಕೆ ಮಾತ್ರ ಬಣ್ಣ ಹಚ್ಚಿ ಹಿಂಬದಿ ಬರಿದಾಗಿ ಬಿಟ್ಟರೆ ಎರಡೂ ಕಡೆ ತೇವ ಒಂದೇ ವೇಗದಲ್ಲಿ ಒಳಹೋಗುವುದಿಲ್ಲ, ಹಲಗೆ ಬಾಗುತ್ತದೆ. ಗೋಡೆಯ ಕಡೆ ಇರುವ ಬೆನ್ನಿಗೂ ಒಂದು ಕೋಟ್ ಕೊಡಿ ಅನ್ನೋದು ಇದಕ್ಕೇ. ಯಾರೂ ನೋಡಲ್ಲ ಅಂತ ಬಿಡುವ ಹಾಗಿಲ್ಲ.

ಇನ್ನು ಬಣ್ಣ. ಆಯಿಲ್ ಪೇಂಟ್ ಅಂತ ನಾವು ಕರೆಯುವ ಎನಾಮೆಲ್ ಈಗ ಬಹುಪಾಲು ಆಲ್ಕಿಡ್ ರೆಸಿನ್‌ನದು. ಇದು ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್ ಆರಿಹೋಗುತ್ತದೆ, ಆ ಮೂಗಿಗೆ ಹೊಡೆಯೋ ವಾಸನೆ ಅದರದೇ. ಆಮೇಲೆ ರೆಸಿನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಪಾಲಿಮರ್ ಪಾಠದಲ್ಲಿ ಬರುವ ಕ್ರಾಸ್‌ಲಿಂಕಿಂಗ್ ಇದೇ. ಹಾಗಾಗಿ ಗಟ್ಟಿ, ಹೊಳಪು, ಒರೆಸಿದರೆ ಹೋಗಲ್ಲ. ಕೊರತೆ ಅಂದರೆ ವಾಸನೆ, ಮತ್ತೆ ಬಿಳಿ ಬಣ್ಣ ಬೆಳಕು ಕಡಿಮೆ ಇರುವ ಕಡೆ ಕ್ರಮೇಣ ಹಳದಿಗೆ ತಿರುಗುವುದು. ಕಪಾಟಿನ ಒಳಭಾಗ ಅಂಥದ್ದೇ ಜಾಗ ತಾನೇ?

ನೀರು ಬೆರೆಸುವ ಅಕ್ರಿಲಿಕ್ ಎನಾಮೆಲ್ ಬೇರೆ ಥರ. ಅದರಲ್ಲಿ ರೆಸಿನ್ ಸಣ್ಣ ಸಣ್ಣ ಕಣಗಳಾಗಿ ನೀರಲ್ಲಿ ತೇಲುತ್ತಿರುತ್ತದೆ. ನೀರು ಆರಿದಂತೆ ಕಣಗಳು ಒತ್ತಿಕೊಂಡು ಒಂದೇ ಪದರವಾಗುತ್ತವೆ. ವಾಸನೆ ಕಡಿಮೆ, ಬಿಳಿ ಬಿಳಿಯಾಗೇ ಉಳಿಯುತ್ತದೆ, ಬ್ರಷ್ ನಲ್ಲಿ ಕೆಳಗೆ ತೊಳೆಯಬಹುದು. ಮುಚ್ಚಿದ ಕೋಣೆಗೆ, ಹಾಸ್ಟೆಲ್ ರೂಮಿಗೆ ನಮ್ಮ ಆಯ್ಕೆ ಇದೇ. ಆದರೆ ಪುಸ್ತಕದ ವಿಷಯದಲ್ಲಿ ಇದಕ್ಕೊಂದು ಕಾಟ ಇದೆ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪದರ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕಾಗಬಹುದು. ಅಷ್ಟರೊಳಗೆ ಭಾರದ ನಿಘಂಟು ಇಟ್ಟರೆ ರಟ್ಟು ಹಲಗೆಗೆ ಅಂಟಿಕೊಳ್ಳುತ್ತದೆ, ಎತ್ತಿದರೆ ಬಣ್ಣವೋ ರಟ್ಟೋ ಯಾವುದೋ ಒಂದು ಕಿತ್ತು ಬರುತ್ತದೆ. ನಮ್ಮ ಕಪಾಟಿನಲ್ಲಿ ಮತ್ತೆ ಅಚ್ಚಾಗದ ಎಷ್ಟೋ ಪುಸ್ತಕಗಳಿವೆ. ಅದಕ್ಕೇ ರಜೆಯ ಮೊದಲ ವಾರವೇ ಬಣ್ಣ, ಕಾಲೇಜು ಶುರುವಾದ ಮೇಲೆ ಪುಸ್ತಕ ಅಂತ ಇಟ್ಟುಕೊಂಡಿದ್ದೇವೆ. ಗೋಡೆಗೆ ಹೊಡೆದು ಉಳಿದ ಡಿಸ್ಟೆಂಪರ್ ಇದೆಯಲ್ಲ, ಅದನ್ನೇ ಬಳಿಯೋಣ ಅಂದವರಿಗೆ ಒಂದೇ ಮಾತು: ಬೇಡ, ಕೈ ಸವರಿದರೆ ಪುಡಿ ಬರುತ್ತದೆ.

ಹಳೇ ಕಪಾಟಿನದು ಬೇರೆಯೇ ತಲೆನೋವು. ಆ ಹಸಿರು ಬಣ್ಣದ ವಯಸ್ಸು ಯಾರಿಗೂ ಗೊತ್ತಿಲ್ಲ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ಹೊರಟಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮೆಲ್‌ಗಳಲ್ಲಿ, ಮುಖ್ಯವಾಗಿ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ, ಸೀಸದ ವರ್ಣಕ ಇರುವ ಸಾಧ್ಯತೆ ಹೆಚ್ಚು. ಬಣ್ಣ ಸುಮ್ಮನೆ ಕೂತಿದ್ದರೆ ಅಷ್ಟು ಭಯವಿಲ್ಲ. ಒಣ ಉಪ್ಪುಕಾಗದ ಹಾಕಿ ಉಜ್ಜಿದಾಗ ಏಳುವ ಧೂಳೇ ಅಪಾಯ, ಕಣ್ಣಿಗೆ ಕಾಣದಷ್ಟು ನುಣ್ಣಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸೀಸ ನರಮಂಡಲಕ್ಕೆ ಪೆಟ್ಟು ಕೊಡುತ್ತದೆ, ಚಿಕ್ಕ ಮಕ್ಕಳಿಗಂತೂ ಇನ್ನೂ ಹೆಚ್ಚು. ಬ್ಲೋ ಲ್ಯಾಂಪ್ ಹಿಡಿದು ಸುಡೋದು ಅದಕ್ಕಿಂತ ಕೆಟ್ಟದ್ದು. ಆದ್ದರಿಂದ ನೀರು ಚಿಮುಕಿಸಿ, ನೀರಿಗೆ ತಡೆಯುವ ಎಮರಿ ಕಾಗದದಲ್ಲಿ ಒದ್ದೆಯಾಗೇ ಉಜ್ಜಬೇಕು. ಬಟ್ಟೆಯ ಮಾಸ್ಕ್ ಸಾಲದು, ಎನ್95 ಆದರೂ ಇರಲಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ರಾಡಿಯನ್ನೆಲ್ಲ ಕಟ್ಟಿ ಎತ್ತಬೇಕು. ಕ್ಯಾಂಪಸ್ಸಿನ ಶಿಶುವಿಹಾರ ನಮ್ಮ ಕೊಠಡಿಯ ಪಕ್ಕದಲ್ಲೇ ಇದೆ ಅನ್ನೋದು ನೆನಪಿರಲಿ. ಹೊಸ ಡಬ್ಬಿ ಕೊಳ್ಳುವಾಗಲೂ ಲೇಬಲ್ ಮೇಲೆ ಸೀಸದ ಮಿತಿ ಬರೆದಿದೆಯಾ ನೋಡಿ, ಬರೆದಿರಲೇಬೇಕು.

ಹಸಿರು ಹೋದ ಮೇಲೆ ಒಳಗೆ ತೇಗ ಚೆನ್ನಾಗಿದ್ದರೆ ಮತ್ತೆ ಬಣ್ಣದಿಂದ ಯಾಕೆ ಮುಚ್ಚಬೇಕು ಅನ್ನೋದು ನಮ್ಮಲ್ಲಿ ಅರ್ಧ ಜನರ ವಾದ. ಆಗ ಪಾಲಿಷ್. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೇ ಇಲ್ಲೂ ಕೆಲಸ ಮಾಡೋದು. ಅಲ್ಲಿ ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅದು ಕರಗಿ ಅಂಟುತ್ತದೆ. ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕುತ್ತಾರೆ. ನೋಡೋಕೆ ಬಲು ಚೆಂದ. ಆದರೆ ಬಿಸಿ ಟೀ ಲೋಟ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ, ಮೇಜಿಗೆ ಆಗಲ್ಲ. ಕಪಾಟಿಗೆ ಧಾರಾಳ ಸಾಕು. ಎರಡು ಡಬ್ಬಿ ಬೆರೆಸಿ ಹಚ್ಚುವ ಪಿಯು ಅದಕ್ಕಿಂತ ಎಷ್ಟೋ ಗಟ್ಟಿ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸೈಯನೇಟ್ ಇರುತ್ತದೆ, ಸ್ಪ್ರೇ ಮಾಡಿದರೆ ಆಸ್ತಮಾ ಬರಿಸಬಲ್ಲದು. ತಕ್ಕ ರಕ್ಷಣೆ ಇರುವ ಕಸುಬುದಾರರಿಗೇ ಅದನ್ನು ಬಿಡೋಣ.

ಪ್ಲೈ ಕಪಾಟಿಗೆ ಮಾತ್ರ ಗೊಂದಲವಿಲ್ಲ. 120ರ ಉಪ್ಪುಕಾಗದ, ವುಡ್ ಪ್ರೈಮರ್, ತೂತು ಮುಚ್ಚಲು ಪುಟ್ಟಿ, 220ರಲ್ಲಿ ಮತ್ತೊಮ್ಮೆ ಉಜ್ಜಿ, ನೀರಿನ ಎನಾಮೆಲ್ ತೆಳುವಾಗಿ ಎರಡು ಕೋಟ್. ನೀರು ತಾಗಿದ ತಕ್ಷಣ ಮರದ ಎಳೆಗಳು ನಿಮಿರುತ್ತವೆ, ಮೊದಲ ಕೋಟ್ ಒರಟಾಗಿ ಕಂಡರೆ ಗಾಬರಿ ಬೇಡ. ಲಘುವಾಗಿ ಉಜ್ಜಿ ಎರಡನೆಯದು ಹೊಡೆಯಿರಿ. ಪ್ಲೈನ ಅಂಚು ಹೆಚ್ಚು ಕುಡಿಯುತ್ತದೆ, ಅಲ್ಲಿಗೆ ಪ್ರೈಮರ್ ಎರಡು ಸಲ. ಮತ್ತೆ ಹೆಸರು ಕೊಟ್ಟವರೆಲ್ಲ ಹಳೇ ಬಟ್ಟೆ ಹಾಕಿಕೊಂಡೇ ಬನ್ನಿ.